ಮನೆಯ ವಿದ್ಯುದುಪಕರಣಗಳೂ ಭೂಸಂಪರ್ಕವೂ: ಒಂದು ಸಮೀಕ್ಷೆ

ಹೊಸ ಮನೆಗಳ ಗೋಡೆಯಲ್ಲಿ ಫ್ಯೂಸುಗಳ ಬದಲಿಗೆ ಅಂದವಾಗಿ ಸಾಲುಗೊಂಡ ಎಂ.ಸಿ.ಬಿ.ಗಳನ್ನು ಕಂಡು, ಇನ್ನು ಅರ್ತಿಂಗಿನ ಚಿಂತೆ ಏತಕ್ಕೆಂದು ವಿದ್ಯಾವಂತರೂ ಕೇಳತೊಡಗಿರುವ ಈ ಕಾಲದಲ್ಲಿ, ಗೃಹೋಪಕರಣಗಳ ಸುರಕ್ಷತೆಯು ಯಾವ ಘಟ್ಟಗಳನ್ನು ದಾಟಿ ಬಂದಿತೆಂಬುದನ್ನು ಒಮ್ಮೆ ಅವಲೋಕಿಸುವುದು ಅವಶ್ಯಕವೆಂದು, ಈ ಕಸುಬಿನಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ತೋರಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿಸಿತು. ಆಗ ಮನೆಯೊಳಗೆ ಬಂದದ್ದು ಮುಖ್ಯವಾಗಿ ಕೈಗೆಟುಕದಷ್ಟು ಎತ್ತರದಲ್ಲಿ ತೂಗುವ ದೀಪ. ಅದಕ್ಕೆ ಎರಡು ತಂತಿಗಳೇ ಸಾಕಾಗಿದ್ದವು. 1910ರ ವಿದ್ಯುತ್ ಶಾಸನ, 1956ರ ವಿದ್ಯುತ್ ನಿಯಮಾವಳಿ, 1966ರಲ್ಲಿ ಮೊದಲು ಹೊರಬಂದ ಐ.ಎಸ್. 3043 ಎಂಬ ಭೂಸಂಪರ್ಕ ಸಂಹಿತೆ, ಇವು ಮುಂದಿನ ದಾರಿಯನ್ನು ಹಾಕಿಕೊಟ್ಟವು.

ನಿಜವಾದ ಪರೀಕ್ಷೆ ಒದಗಿದ್ದು ನಮ್ಮ ಪೀಳಿಗೆಯವರು ಕೆಲಸಕ್ಕಿಳಿದ ಕಾಲದಲ್ಲಿ, ಲೋಹದ ಮೈಯುಳ್ಳ ಇಸ್ತ್ರಿಪೆಟ್ಟಿಗೆ, ಗ್ರೈಂಡರ್, ಗೀಸರ್‌ಗಳು ಸಾಮಾನ್ಯರ ಮನೆಗಳಲ್ಲಿ ಒದ್ದೆಗೈಗೆ ಸಿಕ್ಕುವಂತಾದಾಗ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಮೊದಲು ಕೂಡಿ ಕಡೆಗೆ ಬಿಡಲೆಂದೇ. ಅದರ ಹಸಿರು ತಂತಿಯನ್ನು ಕತ್ತರಿಸಿ ಎರಡೇ ತಂತಿಯಲ್ಲಿ ಉಪಕರಣವನ್ನು ನಡೆಸುವ ದುರಭ್ಯಾಸವೂ ಅಂದೇ ಬೇರೂರಿತು. ಈ ತಂತಿಯು ವಿದ್ಯುತ್ತನ್ನು ಮಣ್ಣಿಗೆ ಇಂಗಿಸಿಬಿಡುತ್ತದೆಂಬ ಜನಜನಿತ ನಂಬಿಕೆ ಸರಿಯಲ್ಲ. ಸೋರಿದ ಪ್ರವಾಹವು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್‌ಗೆ ಹಿಂದಿರುಗಲೇಬೇಕು. ಹಾಗೆ ಹಿಂದಿರುಗುವಾಗ ಫ್ಯೂಸನ್ನು ಸುಡುವಷ್ಟು ಪ್ರಬಲವಾಗಿದ್ದರೆ ಮಾತ್ರ ಅದರಿಂದ ರಕ್ಷಣೆ. ಆದುದರಿಂದಲೇ ಅರ್ತ್ ಮೆಗ್ಗರ್ ಇಟ್ಟು ಅಳೆಯದ ಹೊರತು ಕೆಲಸ ಮುಗಿಯಿತೆನ್ನದ ಹಿರಿಯ ವೈರ್‌ಮನ್ನರ ಪರಂಪರೆಯನ್ನು ನಾನು ಎಲ್ಲಕ್ಕಿಂತ ಮಿಗಿಲಾಗಿ ಗೌರವಿಸುತ್ತೇನೆ. ಇದ್ದಿಲು, ಉಪ್ಪು ಸುರಿದು ಹೂತ ಭೂಸಂಪರ್ಕದ ಪೈಪು ಬೇಸಿಗೆಯಲ್ಲಿ ಒಣಗಿ, ಅದರ ರೋಧವು 20 ಓಮ್‌ಗೆ ಏರಿತೆನ್ನಿ. 230 ವೋಲ್ಟಿನಲ್ಲಿ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಅಲುಗುವುದಿಲ್ಲ, ಗೀಸರಿನ ಮೈಯಲ್ಲಿ ವಿದ್ಯುತ್ತು ನಿಂತೇ ಇರುತ್ತದೆ.

ಈ ಕೊರತೆಯ ಆಳವನ್ನು ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್. ಪ್ರವಾಹವು ಸುಮಾರು 16 ಮಿಲಿಆಂಪಿಯರನ್ನು ಮುಟ್ಟಿದರೆ ಸರಾಸರಿ ಪುರುಷನು ಹಿಡಿದ ತಂತಿಯನ್ನು ಬಿಡಲಾರನೆಂದು, ಸ್ತ್ರೀಯರಿಗೆ ಆ ಮಿತಿ ಇನ್ನೂ ಕಡಿಮೆಯೆಂದು, ಸ್ವಯಂಸೇವಕರ ಮೇಲಣ ಪ್ರಯೋಗಗಳಿಂದ ಅವರು ನಿರ್ಧರಿಸಿದರು. ನಮ್ಮ ಎಂ.ಸಿ.ಬಿ.ಯ ಅಂಕಿ ಇದರ ಸಾವಿರ ಪಟ್ಟು! ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನ ವ್ಯತ್ಯಾಸ ಬಂದೊಡನೆ ಸಂಪರ್ಕವನ್ನು ಕಡಿಯುವ ಆರ್.ಸಿ.ಸಿ.ಬಿ. ಹುಟ್ಟಿದುದು ಇಂಥ ಜ್ಞಾನದ ಫಲವಾಗಿ. ಆದರೂ ಅದು ಭೂಸಂಪರ್ಕಕ್ಕೆ ಬದಲಿಯಲ್ಲ: ಹಸಿರು ತಂತಿಯಿದ್ದರೆ ಸೋರಿಕೆ ಹುಟ್ಟಿದಾಗಲೇ ಅದು ಎಚ್ಚರಗೊಳ್ಳುವುದು, ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ.

ಇಷ್ಟಾದರೂ ಮನೆಯ ನಕ್ಷೆಯೊಡನೆ ಭೂಸಂಪರ್ಕದ ಅಳತೆಯನ್ನು ಬರೆದಿಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಕಾಣುವ ಸ್ವಿಚ್ಚಿಗೆ ಧಾರಾಳವಾಗಿ ವ್ಯಯಿಸುವವರು ಕಾಣದ ಪೈಪನ್ನು ವಿಚಾರಿಸುವುದಿಲ್ಲ. ಮನೆ ಕಟ್ಟಿಸುವವರು ಕೂಲಿಯನ್ನು ಸಲ್ಲಿಸುವ ಮುನ್ನ ಅದು ಎಷ್ಟು ಓಮ್ ಎಂದು ಅಳೆಯಿಸಿ ಬರೆಯಿಸಿಕೊಳ್ಳಲಿ, ಕಡುಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಿಸಲಿ.