ಸ್ನಾನದ ಊರು ಕಳಸ | ನಮ್ಮ ಜಿಲ್ಲೆ ನಮ್ಮ ಕಥೆ, ಭಾಗ 6

ಜರ್ಮನಿಯ ಮ್ಯಾಪ್ ಜೂಮ್ ಮಾಡಿ ನೋಡಿ. ಬಾಡ್ ಎಮ್ಸ್, ಬಾಡ್ ಕಿಸಿಂಗೆನ್ ಅಂತ ಊರುಗಳು ಸಿಗ್ತವೆ. ಅವರ ಭಾಷೇಲಿ ‘ಬಾಡ್’ ಅಂದ್ರೆ ಸ್ನಾನ. ಅಲ್ಲಿನ ಖನಿಜ ನೀರಲ್ಲಿ ಮಿಂದರೆ ಕಾಯಿಲೆ ವಾಸಿಯಾಗುತ್ತೆ ಅಂತ ಜನ ಬಂದರು, ಅವರಿಂದಲೇ ಊರು ಬೆಳೀತು. 2021ರಲ್ಲಿ ಯುನೆಸ್ಕೋ ಯುರೋಪಿನ ಇಂಥ 11 ಊರುಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಸ್ನಾನಕ್ಕೇ ಹೆಸರಾದ ಊರು ನಮ್ಮಲ್ಲೂ ಇದೆ. ಹೊರನಾಡಿಗೆ ಹೋಗುವಾಗ ಬಸ್ಸಲ್ಲಿ ಕೂತೇ ದಾಟಿಬಿಡ್ತೀವಲ್ಲ, ಅದೇ ಕಳಸ. ಇಲ್ಲಿ ಬಿಸಿನೀರಿನ ಬುಗ್ಗೆ ಇಲ್ಲ. ಇರೋದು ಭದ್ರಾ ಮತ್ತು ಅದರ ದಡದ ಪಂಚತೀರ್ಥ: ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾ. ಮೀಯೋಕೆ ಬಂದವರು ಕಲಶೇಶ್ವರನ ಮೆಟ್ಟಿಲು ಹತ್ತಿದರು. ಶಾಸನಗಳಲ್ಲಿ ಈ ದೇವರ ಹೆಸರು ಕಳಸನಾಥ.

👉 ಸ್ವೈಪ್ ಮಾಡಿ. ಎರಡನೇ ಫೋಟೋ ದೇವಸ್ಥಾನದ್ದು. ಇವತ್ತು ಪುಟ್ಟ ಪೇಟೆ ಅನ್ನಿಸೋ ಈ ಊರು ಒಂದು ಕಾಲಕ್ಕೆ ರಾಜಧಾನಿ! ಕಳಸ-ಕಾರ್ಕಳ ರಾಜ್ಯವನ್ನು ಆಳಿದವರು ಸಾಂತರ ವಂಶದ ಭೈರರಸರು. 13ನೇ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಅನ್ನೋ ಇಬ್ಬರು ರಾಣಿಯರೂ ಇಲ್ಲಿ ಆಳಿದರು. ನಮ್ಮ ಪಠ್ಯಪುಸ್ತಕದಲ್ಲಿ ಇವರ ಹೆಸರು ಓದಿದ ನೆನಪು ನಿಮಗಿದೆಯಾ? ನನಗಂತೂ ಇಲ್ಲ.

ಘಟ್ಟದ ಕೆಳಗೆ ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ, 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸ, ಇಬ್ಬರೂ ಇದೇ ಮನೆತನದವರು. ಜೈನ ಅರಸರು ಇವರು. ಆದರೂ ಕಳಸದ ಶಿವನಿಗೆ ದತ್ತಿ ಬಿಟ್ಟ ಶಾಸನಗಳು ಇದೇ ಮನೆತನದ್ದಿವೆ.

👉 ಮೂರನೇ ಫೋಟೋ ಅಂಬಾತೀರ್ಥ. ನೀರು ಕೊರೆದ ಬಂಡೆಗಳ ನಡುವೆ ಒಂದು ಭಾರೀ ಕಲ್ಲು ನೋಡಿ. ಮಧ್ವಾಚಾರ್ಯರು ಇದನ್ನು ಒಂದೇ ಕೈಯಲ್ಲಿ ತಂದಿಟ್ಟರು ಅಂತ ಅಲ್ಲಿ ಸಂಸ್ಕೃತದಲ್ಲಿ ಕೊರೆದಿದೆ. ನಂಬೋದು ಬಿಡೋದು ನಿಮ್ಮಿಷ್ಟ. ಆದರೆ ಶೈವರು, ಜೈನರು, ಮಾಧ್ವರು ಮೂರೂ ಕಡೆಯವರ ಗುರುತು ಈ ಒಂದು ಹೊಳೆಯ ಸುತ್ತ ಉಳಿದಿದೆ ಅನ್ನೋದು ಗಮನಿಸಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಭದ್ರಾ ಹುಟ್ಟೋದು ಗಂಗಾಮೂಲದಲ್ಲಿ. ಕಳಸಕ್ಕೆ ಬರೋ ಮೊದಲು ಅದು ಕುದುರೆಮುಖ ದಾಟಬೇಕು. ಅಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಸರ್ಕಾರಿ ಕಂಪನಿ ಶುರುವಾಯ್ತು. ಅದಿರಿನ ಪುಡಿಯನ್ನು ನೀರಿಗೆ ಬೆರೆಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸ್ತಿದ್ದರು. ಗುಡ್ಡ ಅಗೆದ ಮಣ್ಣು ಮಳೆ ಜೊತೆ ಭದ್ರಾ ಸೇರುತ್ತೆ, ಹೊಳೆ ಹಾಳಾಗುತ್ತೆ ಅಂತ ಪರಿಸರದವರು ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಎಷ್ಟೋ ಮನೆಗಳ ಸಂಬಳವೂ ನಿಂತಿತು, ಕುದುರೆಮುಖದ ಟೌನ್‌ಶಿಪ್ ಖಾಲಿಯಾಯ್ತು. ಅದನ್ನು ಮರೆತು ಮಾತಾಡೋದು ನ್ಯಾಯ ಅಲ್ಲ.

ಬಿಕಾಂ ಓದೋಳು ನಾನು, ಲೆಕ್ಕದ ಬುದ್ಧಿ ಬಿಡಲ್ಲ. ಅದಿರಿಗೆ ಟನ್ನಿಗಿಷ್ಟು ಅಂತ ರೇಟ್ ಇತ್ತು. ಪಂಚತೀರ್ಥದ ನೀರಿಗೆ ಯಾರೂ ರೇಟ್ ಹಾಕಿರಲಿಲ್ಲ, ಹಾಗಾಗಿ ಯಾವ ಲೆಕ್ಕದ ಪುಸ್ತಕದಲ್ಲೂ ಅದು ಆಸ್ತಿ ಅಂತ ಕಾಣಿಸಲಿಲ್ಲ. ಆದರೆ ದೇವಸ್ಥಾನ, ರಾಜಧಾನಿ, ಪೇಟೆ, ಇವತ್ತಿನ ಹೋಂಸ್ಟೇ ಎಲ್ಲದಕ್ಕೂ ಬಂಡವಾಳ ಆ ನೀರೇ ತಾನೇ?

ಗಣಿ ಈಗಿಲ್ಲ. ಆದರೆ ಕೊನೇ ಫೋಟೋ ನೋಡಿ: ತೀರ್ಥದ ಕಲ್ಲುಗಳ ಮಧ್ಯೆ ಶಾಂಪೂ ಸ್ಯಾಚೆ, ಬಿಟ್ಟುಹೋದ ಬಟ್ಟೆ, ನೀರಿನ ಬಾಟಲಿ. ಇದನ್ನು ತಡೆಯೋಕೆ ಸುಪ್ರೀಂ ಕೋರ್ಟ್ ಬರಬೇಕಾ?

ಹೋಗಿ, ಖಂಡಿತ ಹೋಗಿ. ಚಿಕ್ಕಮಗಳೂರಿಂದ ಸುಮಾರು 90 ಕಿ.ಮೀ. ಅಷ್ಟೇ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗುತ್ತೆ, ಹಾಗಾಗಿ ಮಳೆಗಾಲ ಮುಗಿದ ಮೇಲೆ ಹೊರಡಿ. ಅಂಬಾತೀರ್ಥದಲ್ಲಿ ಸುಳಿ ಇದೆ, ರೀಲ್ಸ್‌ಗೋಸ್ಕರ ಇಳಿಯಬೇಡಿ. ತಗೊಂಡು ಹೋದ ಪ್ಲಾಸ್ಟಿಕ್ ವಾಪಸ್ ತನ್ನಿ.

ನಿಮ್ಮೂರ ಹೊಳೆಯ ಹೆಸರೇನು? ಅದರ ದಡದಲ್ಲಿ ಏನಿದೆ? ಕಾಮೆಂಟಲ್ಲಿ ಬರೀರಿ, ಮುಂದಿನ ಭಾಗ ಅದರಿಂದಲೇ ಆರಿಸ್ತೀನಿ.

#ಕಳಸ #ಭದ್ರಾ #ಪಂಚತೀರ್ಥ #ನಮ್ಮಜಿಲ್ಲೆನಮ್ಮಕಥೆ