ಸ್ವಿಮ್‌ಬೇಟ್ ಚಲನೆಯ ಪರೀಕ್ಷೆ

ಸ್ವಿಮ್‌ಬೇಟ್ ಎಂಬುದು ಗಾಳದ ಮೀನುಗಾರಿಕೆಯಲ್ಲಿ ಬಳಸುವ, ಸಣ್ಣ ಮೀನಿನ ಆಕಾರದ ಮೃದುವಾದ ಕೃತಕ ಎರೆ. ದಾರವನ್ನು ಎಳೆದಾಗ ಇದರ ಬಾಲವು ನೀರಿನ ಒತ್ತಡದಿಂದ ತಾನಾಗಿಯೇ ಆಡುತ್ತದೆ. ಹೊಸ ಎರೆಯು ಯಾವ ವೇಗದಲ್ಲಿ ಈಜತೊಡಗುತ್ತದೆ, ಎಷ್ಟು ಬೇಗ ಮುಳುಗುತ್ತದೆ, ಯಾವ ಹಂತದಲ್ಲಿ ಮಗುಚಿಕೊಳ್ಳುತ್ತದೆ ಎಂಬುದನ್ನು ಬಳಕೆಗೆ ಮೊದಲೇ ನೀರಿನಲ್ಲಿ ನೋಡಿ ತಿಳಿಯುವ ಕ್ರಮವೇ ಚಲನೆಯ ಪರೀಕ್ಷೆ. ಕಲಬುರಗಿ ಸೀಮೆಯಲ್ಲಿ ಎರೆ ಎಂದೊಡನೆ ನೆನಪಾಗುವುದು ಕಪ್ಪು ಮಣ್ಣು. ಇಲ್ಲಿ ಆ ಪದವನ್ನು ಮೀನಿಗೆ ಒಡ್ಡುವ ಆಮಿಷ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಹಿನ್ನೆಲೆ

ಗಾಳದ ಮೀನುಗಾರಿಕೆಯ ಕುರಿತ ಪ್ರಸಿದ್ಧ ಗ್ರಂಥವೊಂದು ಕರ್ನಾಟಕದ ಕರಾವಳಿಯಲ್ಲೇ ಹೊರಬಂದಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮೃದು ಪ್ಲಾಸ್ಟಿಕ್ಕಿನ ಎರೆಗಳು ಬಂದದ್ದು ಬಹಳ ತಡವಾಗಿ. ಅಮೆರಿಕದ ಓಹಾಯೊ ರಾಜ್ಯದ ನಿಕ್ ಕ್ರೀಮ್ 1949ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಎರೆಹುಳು ಅವುಗಳಿಗೆ ದಾರಿ ತೋರಿತು. ಇಂದಿನ ಬಹುಪಾಲು ಸ್ವಿಮ್‌ಬೇಟ್‌ಗಳನ್ನು ಪ್ಲಾಸ್ಟಿಸಾಲ್ ಎಂಬ ದ್ರವವನ್ನು ಕಾಯಿಸಿ ಅಚ್ಚಿಗೆ ಹೊಯ್ದು ತಯಾರಿಸುತ್ತಾರೆ. ಅದಕ್ಕೆ ಉಪ್ಪು ಬೆರೆಸಿದರೆ ತೂಕ ಹೆಚ್ಚಿ ಬೇಗ ಮುಳುಗುತ್ತದೆ. ಟೊಳ್ಳಾದ ಸೂಕ್ಷ್ಮ ಗಾಜಿನ ಕಣಗಳನ್ನು ಬೆರೆಸಿದರೆ ಹಗುರಾಗುತ್ತದೆ.

ಬಾಲ ಆಡುವ ಬಗೆ

ಎರೆಯ ಹಿಂಭಾಗ ತೊಟ್ಟಿನಂತೆ ಸಪೂರವಾಗಿ, ಅದರ ತುದಿಯಲ್ಲಿ ಬಾಗಿದ ಬಿಲ್ಲೆಯೊಂದು ಇರುತ್ತದೆ. ಹರಿದುಬರುವ ನೀರು ಬಿಲ್ಲೆಯನ್ನು ಒಂದು ಬದಿಗೆ ತಳ್ಳುತ್ತದೆ, ತೊಟ್ಟಿನ ಸ್ಥಿತಿಸ್ಥಾಪಕತ್ವ ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಹೀಗೆ ಎಡಕ್ಕೂ ಬಲಕ್ಕೂ ಸರದಿಯಂತೆ ಸುಳಿಗಳು ಕಳಚಿಕೊಳ್ಳುತ್ತವೆ. ಮೀನು ತನ್ನ ಮೈಬದಿಯ ಪಾರ್ಶ್ವರೇಖೆ ಎಂಬ ಇಂದ್ರಿಯದಿಂದ ನೀರಿನ ಇಂಥ ಅಲುಗಾಟವನ್ನು ಗ್ರಹಿಸಬಲ್ಲದು.

ಬಾಲವು ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂಬುದನ್ನು ಅದರ ಬೀಸಿನ ಅಗಲದಿಂದ ಗುಣಿಸಿ, ಮುನ್ನಡೆಯ ವೇಗದಿಂದ ಭಾಗಿಸಿದರೆ ಸ್ಟ್ರೂಹಾಲ್ ಸಂಖ್ಯೆ ದೊರೆಯುತ್ತದೆ. ಈಜುವ ಮೀನುಗಳಲ್ಲಿ ಇದು ಸಾಮಾನ್ಯವಾಗಿ 0.2ರಿಂದ 0.4ರೊಳಗೆ ಇರುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ಸಾಗುವ ಎರೆಯೊಂದು 3 ಸೆಂಟಿಮೀಟರ್ ಅಗಲಕ್ಕೆ 5 ಸಲ ಬಾಲ ಬೀಸಿದರೆ ಬರುವ ಸಂಖ್ಯೆ 0.3. ಆದರೆ ಅಂಕಿ ಒಂದೇ ಆದ ಮಾತ್ರಕ್ಕೆ ಚಲನೆಯೂ ಒಂದೇ ಎನ್ನುವಂತಿಲ್ಲ. ಜೀವಂತ ಮೀನು ಬಾಲದಿಂದ ನೀರನ್ನು ಹಿಂದಕ್ಕೆ ನೂಕಿ ಮುಂದೆ ಹೋಗುತ್ತದೆ. ಎರೆಯನ್ನಾದರೋ ದಾರ ಎಳೆಯುತ್ತದೆ. ಆದ್ದರಿಂದ ಇವೆರಡರ ಹಿಂದೆ ಉಳಿಯುವ ಸುಳಿಗಳು ತಿರುಗುವ ದಿಕ್ಕು ಪರಸ್ಪರ ವಿರುದ್ಧ.

ಪರೀಕ್ಷಿಸುವ ಕ್ರಮ

ಅಂಗಡಿಯಲ್ಲಿ ಎರೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುವುದರಿಂದ ಪ್ಲಾಸ್ಟಿಕ್ಕಿನ ಮೆದುತನ ತಿಳಿದೀತೇ ಹೊರತು ಈಜು ತಿಳಿಯದು. ಮನೆಯ ನೀರಿನ ತೊಟ್ಟಿಯೂ ಮುಳುಗುವ ವೇಗವನ್ನು ಅಳೆಯಲಷ್ಟೇ ಸಾಕು. ಎರೆಯು ಸ್ಥಿರವಾದ ವೇಗಕ್ಕೆ ಬರುವಷ್ಟರಲ್ಲಿ ತೊಟ್ಟಿಯ ಗೋಡೆ ಎದುರಾಗುತ್ತದೆ.

ತಿಳಿನೀರಿನ ದಡದಲ್ಲಿ 5 ಮೀಟರ್ ಅಂತರಕ್ಕೆ ಎರಡು ಗುರುತುಗಳನ್ನಿಟ್ಟು, ಎಳೆಯಲು ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡಿದರೆ ವೇಗ ಸಿಗುತ್ತದೆ. 10 ಸೆಕೆಂಡು ಹಿಡಿದರೆ ಸೆಕೆಂಡಿಗೆ 50 ಸೆಂಟಿಮೀಟರ್. ಮೊದಲು ತೀರ ನಿಧಾನವಾಗಿ ಎಳೆದು, ಬಾಲ ಆಡಲಾರಂಭಿಸುವ ಕನಿಷ್ಠ ವೇಗವನ್ನು ಗುರುತಿಸಬೇಕು. ಅನಂತರ ಹಂತಹಂತವಾಗಿ ವೇಗ ಹೆಚ್ಚಿಸುತ್ತ, ಎರೆ ಪಕ್ಕಕ್ಕೆ ಉರುಳುವ ಮಿತಿಯನ್ನು ಕಾಣಬೇಕು. ಉಪಯೋಗಕ್ಕೆ ಬರುವುದು ಈ ಎರಡರ ನಡುವಿನ ಅಂತರವೇ. ಅದು ಕಿರಿದಾಗಿದ್ದರೆ ಎರೆ ಎಷ್ಟು ಸುಂದರವಾಗಿದ್ದರೂ ವ್ಯರ್ಥ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲಿನಲ್ಲಿ ಒಂದು ಬಡಿತಕ್ಕೆ 48 ಚಿತ್ರಗಳು ಬಂದರೆ ಸೆಕೆಂಡಿಗೆ 5 ಬಡಿತ ಎಂದರ್ಥ.

ಕೊಕ್ಕೆಯನ್ನು ಪೂರ್ಣವಾಗಿ ತೆಗೆದು ಪರೀಕ್ಷಿಸುವುದು ಸಾಮಾನ್ಯವಾದ ತಪ್ಪು. ಕೊಕ್ಕೆಯ ತೂಕವೇ ಎರೆಯನ್ನು ನೇರವಾಗಿ ನಿಲ್ಲಿಸುವುದರಿಂದ, ಅದರ ಮೊನೆಯನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬಿಡಬೇಕು. ಎರೆ ಯಾವಾಗಲೂ ಒಂದೇ ಬದಿಗೆ ವಾಲುತ್ತಿದ್ದರೆ ಅಚ್ಚಿನ ದೋಷಕ್ಕಿಂತ ಮೊದಲು ಕೊಕ್ಕೆ ನಡುಗೆರೆಯಲ್ಲಿದೆಯೇ ಎಂದು ನೋಡುವುದು ಒಳ್ಳೆಯದು.

ಕಲಬುರಗಿ ಭಾಗದ ನೀರು

ಕಮಲಾಪುರ ಪರಿಸರದ ಗಂಡೋರಿ ನಾಲಾ ಹಾಗೂ ಬೆಣ್ಣೆತೊರಾ ಹೊಳೆಗಳ ನೀರು ಕಾಗಿಣಾ ನದಿಯ ಮೂಲಕ ಭೀಮೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಕರಗಿ ನೀರು ರಾಡಿಯಾಗುವುದರಿಂದ ಬಣ್ಣಕ್ಕಿಂತ ಬಾಲದ ಬಡಿತವೇ ಮುಖ್ಯವಾಗುತ್ತದೆ. ಇಂಥ ನೀರಿನಲ್ಲಿ ನಿಧಾನ ವೇಗದಲ್ಲೂ ಜೋರಾಗಿ ಬಡಿಯುವ ಅಗಲ ಬಿಲ್ಲೆಯ ಎರೆ ಸೂಕ್ತ. ಸಣ್ಣ ಮೀನುಗಳನ್ನು ಹೊಂಚಿ ಹಿಡಿಯುವ ಕೊರವ ಮೀನು ಇಂಥ ಎರೆಗೆ ಎರಗುತ್ತದೆ.

ಉಷ್ಣತೆಯನ್ನು ಮರೆಯುವಂತಿಲ್ಲ. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ಮೇಲ್ನೀರಿನಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಬಾಲ ಬೇಗ ಆಡುತ್ತದೆ, ಆದರೆ ಮೈ ಸಡಿಲಗೊಂಡು ಕೊಕ್ಕೆಯಿಂದ ಜಾರಿಹೋಗಲೂಬಹುದು. ಡಿಸೆಂಬರಿನ ತಣ್ಣೀರಿನಲ್ಲಿ ಅದೇ ಎರೆ ಬಿಗಿಯಾಗುತ್ತದೆ. ಹೀಗಾಗಿ ತಂಪಾದ ಬಾವಿನೀರಿನಲ್ಲಿ ಒಮ್ಮೆ ಕಂಡ ಫಲಿತಾಂಶ ವರ್ಷವಿಡೀ ಸಲ್ಲುವುದಿಲ್ಲ. ಕೊಕ್ಕೆಯಿಂದ ಕಳಚಿದ ಎರೆ ಕೊಳೆಯದೆ ತಳದಲ್ಲಿ ಉಳಿಯುತ್ತದೆ, ಮೀನುಗಳು ಅದನ್ನು ನುಂಗುವುದೂ ಉಂಟು. ಆದುದರಿಂದ ಎರೆ ಕೊಕ್ಕೆಯಲ್ಲಿ ಭದ್ರವಾಗಿ ನಿಲ್ಲುವುದೇ ಎಂಬುದನ್ನೂ ಇದೇ ಪರೀಕ್ಷೆಯಲ್ಲಿ ಸೇರಿಸಬೇಕು. ಹತ್ತಾರು ಸಲ ಎಸೆದು ಎಳೆದ ಮೇಲೆ ಮೂಗಿನ ರಂಧ್ರ ಹರಿದಿದ್ದರೆ ಆ ಎರೆಯನ್ನು ದಡದಲ್ಲೇ ತೆಗೆದಿಡುವುದು ವಾಡಿಕೆ.