ಗಾಜಿನ ಪ್ಲೇಟಿನಲ್ಲಿ ಉಳಿದ ಮುಖಗಳು

ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಹಿರಿಯರ ಭಾವಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ. ಮುತ್ತಜ್ಜಿಯ ಹಣೆಯ ಕುಂಕುಮ ಕಪ್ಪಾಗಿರುತ್ತದೆ. ಮುತ್ತಜ್ಜನ ರುಮಾಲಿನ ಜರಿಯ ಎಳೆ, ಮೀಸೆಯ ಕೂದಲು, ಕೋಟಿನ ಗುಂಡಿಯ ತೂತುಗಳು ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ವಿದ್ಯುತ್ ದೀಪವಿಲ್ಲದ ಕಾಲದಲ್ಲಿ, ಮರದ ಪೆಟ್ಟಿಗೆಯಂಥ ಕ್ಯಾಮೆರಾ ಇಷ್ಟು ಸೂಕ್ಷ್ಮವನ್ನು ಹಿಡಿದದ್ದು ಹೇಗೆ? ಒಳ್ಳೆಯ ಲೆನ್ಸ್ ಇತ್ತು ಎಂಬ ಉತ್ತರ ಸಾಲದು. ಗಾಜು, ಬೆಳಕು, ರಸಾಯನ ಮತ್ತು ಕುಳಿತವರ ತಾಳ್ಮೆ ಇವೆಲ್ಲ ಕೂಡಿ ಆದ ಕೆಲಸ ಅದು.

ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಹದಿನೈದೇ ವರ್ಷಗಳಲ್ಲಿ ಕ್ಯಾಮೆರಾ ಈ ಸೀಮೆಯ ಹತ್ತಿರಕ್ಕೆ ಬಂದಿತ್ತು. ಮದರಾಸು ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರಲ್ಲಿ ಕಡೂರಿಗೆ ದಕ್ಷಿಣದಲ್ಲಿರುವ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ. ಅವನು ಬಳಸಿದ್ದು ಕಾಗದದ ನೆಗೆಟಿವ್. ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು; ಕಾಗದದ ನಾರು ಚಿತ್ರದೊಳಗೂ ಇಳಿದು ರೇಖೆಗಳನ್ನು ಮೃದುವಾಗಿಸುತ್ತಿತ್ತು. ಕಲ್ಲಿನ ಮದನಿಕೆ ಎಷ್ಟು ಹೊತ್ತಾದರೂ ಅಲುಗಾಡಳು. ಉಸಿರಾಡುವ ಮನುಷ್ಯನ ಮುಖಕ್ಕೆ ಆ ವಿಧಾನ ಒಗ್ಗುವುದು ಕಷ್ಟವಾಗಿತ್ತು.

ಕಾಗದದ ಜಾಗಕ್ಕೆ ಗಾಜು ಬಂದಾಗ ನಾರಿನ ತೊಂದರೆ ತಪ್ಪಿತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕಲೋಡಿಯನ್ ವಿಧಾನದಲ್ಲಿ ಗಾಜಿಗೆ ಲೇಪ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ರಿಚರ್ಡ್ ಮ್ಯಾಡಾಕ್ಸ್ 1871ರಲ್ಲಿ ಸೂಚಿಸಿದ ಜೆಲಟಿನ್ ಲೇಪದಿಂದ ಒಣ ಪ್ಲೇಟು ಸಾಧ್ಯವಾಯಿತು. 1880ರ ದಶಕದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಪ್ಲೇಟುಗಳು ಪೆಟ್ಟಿಗೆಗಳಲ್ಲಿ ಮಾರಾಟವಾಗತೊಡಗಿದವು. ಅದೇ ಕಾಲಕ್ಕೆ ಈ ಸೀಮೆಗೆ ರೈಲೂ ಬಂತು. ಕಡೂರು, ಅಜ್ಜಂಪುರಗಳನ್ನು ಹಾದುಹೋಗುವ ಹರಿಹರದ ಮಾರ್ಗ 1889ರಲ್ಲಿ ತೆರೆಯಿತು. ತರೀಕೆರೆಯ ಮೇಲೆ ಹೋಗುವ ಬೀರೂರು–ಶಿವಮೊಗ್ಗ ಮಾರ್ಗ 1899ರಲ್ಲಿ. ಒಡೆಯುವ ಗಾಜನ್ನು ಎತ್ತಿನ ಗಾಡಿಯ ಕುಲುಕಾಟಕ್ಕೆ ಒಡ್ಡದೆ ಊರಿಂದೂರಿಗೆ ಸಾಗಿಸುವ ಅನುಕೂಲ ಹೀಗೆ ಒದಗಿತು.

ಸ್ಪಷ್ಟತೆಯ ಮೊದಲ ಗುಟ್ಟು ಪ್ಲೇಟಿನ ಅಳತೆಯಲ್ಲಿದೆ. ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ‘ಹಾಫ್ ಪ್ಲೇಟ್’ ನಾಲ್ಕೂಮುಕ್ಕಾಲು ಅಂಗುಲ ಅಗಲ, ಆರೂವರೆ ಅಂಗುಲ ಉದ್ದ. ಮುಂದೆ ಜನಪ್ರಿಯವಾದ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಕ್ಕಿಂತ ಅದರ ವಿಸ್ತೀರ್ಣ ಸುಮಾರು 23 ಪಟ್ಟು ಹೆಚ್ಚು. ಇಷ್ಟು ದೊಡ್ಡ ನೆಗೆಟಿವನ್ನು ಹಿಗ್ಗಿಸುವ ಅಗತ್ಯವೇ ಇರಲಿಲ್ಲ. ಕಾಗದದ ಮೇಲೆ ಒತ್ತಿ ಬಿಸಿಲಿಗೆ ಹಿಡಿದರೆ ಅಷ್ಟೇ ಅಳತೆಯ ಪ್ರತಿ ಸಿದ್ಧವಾಗುತ್ತಿತ್ತು. ಸಣ್ಣ ಫಿಲ್ಮಿನಿಂದ ಅದೇ ಅಳತೆಯ ಚಿತ್ರ ಬೇಕೆಂದರೆ ಸುಮಾರು ಐದು ಪಟ್ಟು ಹಿಗ್ಗಿಸಬೇಕು. ಆಗ ಚಿತ್ರದೊಡನೆ ಅದರ ದೋಷಗಳೂ ಹಿಗ್ಗುತ್ತವೆ.

ಎರಡನೆಯದು ಬೆಳಕು ಮತ್ತು ನಿಶ್ಚಲತೆ. ಸ್ಟುಡಿಯೋದ ಕಿಟಕಿ ಉತ್ತರಕ್ಕಿರುವುದು ಮೇಲೆಂದು ಛಾಯಾಗ್ರಾಹಕರು ಬಗೆದಿದ್ದರು. ಆ ಕಡೆಯಿಂದ ನೇರ ಬಿಸಿಲು ಬೀಳುವುದು ಕಡಿಮೆ. ಬೆಳಕು ಹೆಚ್ಚು ಏರುಪೇರಾಗದು. ಅದು ಮುಖದ ಒಂದು ಪಕ್ಕದಿಂದ ಹಾಯ್ದಾಗ ಪ್ರತಿ ಸುಕ್ಕಿಗೂ ಕೂದಲಿಗೂ ಚಿಕ್ಕ ನೆರಳು ಬಿದ್ದು ಮೈಯ ಏರುತಗ್ಗು ಎದ್ದು ಕಾಣುತ್ತದೆ. ಆದರೆ ಕಿಟಕಿಯ ಬೆಳಕು ಮಂದ. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, ಕ್ಷಣಗಳನ್ನು ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಅಷ್ಟು ಹೊತ್ತು ಅಲುಗದಂತೆ ತಲೆಯ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸುವುದೂ ಇತ್ತು. ಹಳೆಯ ಚಿತ್ರಗಳಲ್ಲಿ ನಗೆ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಫೋಕಸ್. ಛಾಯಾಗ್ರಾಹಕ ಕರಿಬಟ್ಟೆಯೊಳಗೆ ತಲೆ ತೂರಿಸಿ, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಬಿಂಬವನ್ನು ಭೂತಗನ್ನಡಿಯಿಂದ ಪರೀಕ್ಷಿಸುತ್ತಿದ್ದ. ದೊಡ್ಡ ಪ್ಲೇಟಿಗೆ ಉದ್ದ ಸಂಗಮದೂರದ ಲೆನ್ಸ್ ಬೇಕು. ಅದರ ಬಾಯನ್ನು ಅಗಲವಾಗಿ ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಅಂಗುಲ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಬಾಯನ್ನು ಕಿರಿದುಗೊಳಿಸಿದರೆ ಆಳ ಹೆಚ್ಚುತ್ತದೆ, ಜೊತೆಗೆ ಅಲುಗದೆ ಕೂರಬೇಕಾದ ಹೊತ್ತೂ ಹೆಚ್ಚುತ್ತದೆ. ಕುಳಿತವರು ಮಗುವೋ ಮುದುಕರೋ ಎಂದು ನೋಡಿ ಇವೆರಡರ ನಡುವೆ ಹದ ಹುಡುಕುವುದೇ ಛಾಯಾಗ್ರಾಹಕನ ಜಾಣ್ಮೆ.

ಇನ್ನು ಕುಂಕುಮದ ಮಾತು. ಆರಂಭದ ಪ್ಲೇಟುಗಳಿಗೆ ತಾಗುತ್ತಿದ್ದುದು ಮುಖ್ಯವಾಗಿ ನೀಲಿ, ನೇರಳೆ ಬೆಳಕು. ಕೆಂಪು ಅವುಗಳ ಪಾಲಿಗೆ ಕತ್ತಲೆ. ಆದ್ದರಿಂದಲೇ ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಉರಿಯಬಹುದಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣ ಬೆರೆಸಿ ಪ್ಲೇಟಿಗೆ ಹಸಿರನ್ನೂ ಗುರುತಿಸುವ ಶಕ್ತಿ ತರಬಹುದೆಂದು ಕಂಡುಕೊಂಡ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟುಗಳು 1906ರ ಹೊತ್ತಿಗೆ ಮಾರುಕಟ್ಟೆಗೆ ಬಂದರೂ ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿದ್ದವು. ಅವುಗಳಲ್ಲಿ ಕೆಂಪು ಕುಂಕುಮ ಕಪ್ಪಾಯಿತು, ತಿಳಿನೀಲಿ ಸೀರೆ ಬೆಳ್ಳಗಾಯಿತು. ಚರ್ಮದ ಕೆಂಪು, ಕಂದು ಕಲೆಗಳೂ ಇರುವುದಕ್ಕಿಂತ ಗಾಢವಾದವು. ಕುಂಕುಮವನ್ನು ಕಪ್ಪಾಗಿಸಿದ ಗುಣವೇ ಮುಖದ ಗೆರೆ, ಕಲೆಗಳನ್ನೂ ಎತ್ತಿ ತೋರಿಸಿತು.

ಹಣ ಕೊಟ್ಟು ಕುಳಿತವರಿಗೆ ಈ ಸತ್ಯ ಅಷ್ಟೇನೂ ರುಚಿಸಲಿಲ್ಲ. ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗಲ್ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತಿದ್ದಿದ ನೆಗೆಟಿವಿನ ಫಲವನ್ನು ತೋರಿಸಿದ ಬಳಿಕ ‘ಟಚಿಂಗ್’ ಸ್ಟುಡಿಯೋ ಕಸುಬಿನ ಭಾಗವೇ ಆಯಿತು. ನೆಗೆಟಿವನ್ನು ಬೆಳಕಿಗೆ ಎದುರಾಗಿ ಇಟ್ಟು, ಚೂಪಾದ ಪೆನ್ಸಿಲಿನಿಂದ ಸುಕ್ಕು, ಸಿಡುಬಿನ ಕಲೆಗಳನ್ನು ತುಂಬುತ್ತಿದ್ದರು. ಅನೇಕ ಚಿತ್ರಗಳಲ್ಲಿ ಸೀರೆಯ ಅಂಚು ನಿಚ್ಚಳವಾಗಿದ್ದು ಕೆನ್ನೆ ಮಾತ್ರ ಮೇಣದಂತೆ ನುಣುಪಾಗಿರುವುದು ಇದರಿಂದಲೇ. ಬಟ್ಟೆ, ಒಡವೆ ಇದ್ದಂತೆಯೇ ಕಾಣಬೇಕು, ವಯಸ್ಸು ಕಾಣಬಾರದು ಎಂಬ ಆಸೆ ಇಂದಿಗೂ ಹೋಗಿಲ್ಲ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶೀಯ ಉಪಕರಣಗಳು ಬಂದವು. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಲ್ಲಿ ತಯಾರಿಸತೊಡಗಿದ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ದೇಶದ ಅನೇಕ ಸ್ಟುಡಿಯೋಗಳನ್ನು ಸೇರಿತು. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ, ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮು, ಕಾಗದಗಳನ್ನು ಒದಗಿಸಿತು. ಆಮೇಲೆ ಸಣ್ಣ ಫಿಲ್ಮು, ಕಲರ್ ಲ್ಯಾಬು ಬಂದು ಕೆಲಸ ಸುಲಭವಾಯಿತು, ಅಗ್ಗವೂ ಆಯಿತು. ದೊಡ್ಡ ಪ್ಲೇಟು ಕೊಡುತ್ತಿದ್ದ ಸೂಕ್ಷ್ಮ ಮಾತ್ರ ಸಾಮಾನ್ಯರ ಚಿತ್ರಗಳಿಂದ ಮರೆಯಾಯಿತು.

ಈ ಕಸುಬಿನ ಜೊತೆಗೆ ಅದರ ದಾಖಲೆಯೂ ನಶಿಸುತ್ತಿದೆ. ಸ್ಟುಡಿಯೋಗಳು ಮುಚ್ಚಿದಾಗ ಗಾಜಿನ ನೆಗೆಟಿವುಗಳನ್ನು ಜಾಗಕ್ಕೆ ಭಾರವೆಂದು ಎಸೆದದ್ದುಂಟು, ಲೇಪ ತೊಳೆದು ಗಾಜನ್ನು ಚೌಕಟ್ಟಿಗೆ ಬಳಸಿದ್ದುಂಟು. ಗೋಡೆಯ ಮೇಲಿನ ಪ್ರತಿ ಗೆದ್ದಲಿಗೋ ತೇವಕ್ಕೋ ತುತ್ತಾದರೂ ನೆಗೆಟಿವ್ ಇದ್ದರೆ ಮುಖವನ್ನು ಮರಳಿ ಪಡೆಯಬಹುದು. ಅದೂ ಹೋದರೆ ಮತ್ತೆ ದಾರಿಯಿಲ್ಲ. ಜಮೀನ್ದಾರರ, ಅಧಿಕಾರಿಗಳ ಚಿತ್ರಗಳು ಬೇರೆಡೆಯೂ ಸಿಕ್ಕಾವು. ಮದುವೆಗೆಂದೋ ಜಾತ್ರೆಗೆಂದೋ ಪೇಟೆಗೆ ಬಂದು ಬದುಕಿನಲ್ಲಿ ಒಮ್ಮೆ ಮಾತ್ರ ಕ್ಯಾಮೆರಾದೆದುರು ಕುಳಿತ ರೈತನ, ಕುಶಲಕರ್ಮಿಯ ಮುಖಕ್ಕೆ ಬೇರೆ ದಾಖಲೆ ಇರುವುದಿಲ್ಲ.

ಮನೆಯಲ್ಲಿ ಅಂಥ ಪ್ಲೇಟುಗಳಿದ್ದರೆ ನೀರಿನಿಂದ ಒರೆಸಬಾರದು; ಮಂಕಾದ ಮಗ್ಗುಲೇ ಲೇಪವಿರುವುದು, ಅದನ್ನು ಮುಟ್ಟದೆ ಅಂಚು ಹಿಡಿದು ಎತ್ತಬೇಕು. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡುವುದು ಕ್ಷೇಮ. ಚೌಕಟ್ಟಿನ ಗಾಜಿನ ಮೇಲಿಂದ ಮೊಬೈಲಿನಲ್ಲಿ ತೆಗೆದ ಪ್ರತಿ ನೆನಪಿಗೆ ಸಾಕಾದೀತು, ದಾಖಲೆಗೆ ಸಾಲದು. ನೆಗೆಟಿವುಗಳಿಗೆ ಹೊಂದುವ ಸ್ಕ್ಯಾನರಿನಲ್ಲಿ ಅಂಗುಲಕ್ಕೆ 1200 ಬಿಂದುಗಳಂತೆ ಪಡೆದರೆ ಒಂದು ಹಾಫ್ ಪ್ಲೇಟಿನಿಂದ ನಾಲ್ಕು ಕೋಟಿಗೂ ಮೀರಿದ ಬಿಂದುಗಳ ಚಿತ್ರ ಸಿಗುತ್ತದೆ. ಅದರಲ್ಲಿ ಮುತ್ತಜ್ಜಿಯ ಮೂಗುತಿಯ ಹರಳುಗಳನ್ನು ಮೊಮ್ಮಕ್ಕಳ ಮಕ್ಕಳೂ ಎಣಿಸಬಹುದು. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಅವಳ ಹೆಸರು, ಊರು ಬರೆದಿಟ್ಟರೆ ಇನ್ನೂ ಒಳ್ಳೆಯದು. ಅದನ್ನು ಯಾವ ಕ್ಯಾಮೆರಾವೂ ಹಿಡಿದಿಡಲಾರದು.